ಗಂಟೆ ಲೆಕ್ಕ ಗೇಟಿನಿಂದಲ್ಲ, ಮನೆ ಬಾಗಿಲಿನಿಂದ ಶುರುವಾಗಲಿ

ಬೆಳಗ್ಗೆ ಆರೂಮುಕ್ಕಾಲು. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಅರಳಿಕಟ್ಟೆ. ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಂಗಸರು ಗಾರ್ಮೆಂಟ್ಸ್ ಗಾಡಿ ಕಾಯುತ್ತಿದ್ದರು. ಕಾರ್ಖಾನೆ ಇರುವುದು ಬೆಂಗಳೂರಿನ ಅಂಚಿನಲ್ಲಿ. ಸಂಜೆ ಅವರು ಅದೇ ಕಟ್ಟೆ ಹತ್ತಿರ ಇಳಿದಾಗ ಏಳೂವರೆ. ಕಾರ್ಖಾನೆ ಲೆಕ್ಕದಲ್ಲಿ ಅವರ ದುಡಿಮೆ 8 ಗಂಟೆ. ಮನೆಯಿಂದ ಹೊರಗಿದ್ದದ್ದು ಹನ್ನೆರಡೂಮುಕ್ಕಾಲು ಗಂಟೆ.

ಕೆಲಸದ ಅವಧಿ ಹೆಚ್ಚಿಸುವ ಮಾತು ತೆಗೆದೆವು. ಒಬ್ಬ ಅಕ್ಕ ಅಂದರು: "ಮನೆಗ್ ಬರೋದೇ ಏಳೂವರೆ ಆಯ್ತದೆ ಕಣಣ್ಣ. ಇನ್ನೂ ಮೂರ್ ಗಂಟೆ ಸೇರ್ಸುದ್ರೆ ಮನೆಗ್ ಯಾಕ್ ಬರ್ಬೇಕು? ಅಲ್ಲೇ ಮಿಷನ್ ಪಕ್ಕ ಚಾಪೆ ಹಾಕ್ಕೊಡಿ ಅನ್ನಿ."

2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆ ಎಂದರು. ನಾವೆಲ್ಲ ಮೀಮ್ ಹಂಚಿಕೊಂಡು ನಕ್ಕೆವು, ಇದು ಐಟಿಯವರ ಜಗಳ ಅಂದುಕೊಂಡೆವು. ಆದರೆ ಅದಕ್ಕೂ ಮೊದಲೇ, 2023ರ ಫೆಬ್ರುವರಿಯಲ್ಲಿ, ನಮ್ಮದೇ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತ್ತು. ಜಿಲ್ಲಾ ಪುಟಗಳಲ್ಲಿ ಅದು ಎಷ್ಟು ಸಾಲು ಬಂತು? ನಮ್ಮಲ್ಲಿ ಎಷ್ಟು ಜನ ಬರೆದೆವು? ಈ ತಪ್ಪು ನಮ್ಮದೂ ಹೌದು.

ವಾರಕ್ಕೆ 48 ಗಂಟೆ ಮೀರುವುದಿಲ್ಲವಲ್ಲ, ನಾಲ್ಕು ದಿನ ದುಡಿದು ಮೂರು ದಿನ ಆರಾಮಾಗಿರಲಿ ಎನ್ನುವವರಿದ್ದಾರೆ. ನೀವೇ ಲೆಕ್ಕ ಹಾಕಿ. ಊಟದ ಬಿಡುವೂ ಸೇರಿ 12 ಗಂಟೆ ಒಳಗೆ, ಗಾಡಿಗೆ ಕಾಯುವುದು, ಓಡಾಟ ಸೇರಿ ನಾಲ್ಕೂಕಾಲು ಗಂಟೆ. ಅಲ್ಲಿಗೆ ಹದಿನಾರೂಕಾಲು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರಿಗೆ ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಬೇಕು. ಗಂಡಸರದು 88 ನಿಮಿಷ. 289 ನಿಮಿಷ ಅಂದರೆ ಹೆಚ್ಚುಕಮ್ಮಿ ಐದು ಗಂಟೆ. ಉಳಿದದ್ದು ಮೂರು ಗಂಟೆಗೂ ಕಮ್ಮಿ. ಅತ್ತೆಯೋ ಮಗಳೋ ಅರ್ಧ ಕೆಲಸ ಹಂಚಿಕೊಂಡರೂ ಐದೂವರೆ ಗಂಟೆ ದಾಟುವುದಿಲ್ಲ. ಸ್ನಾನ, ಊಟ, ನಿದ್ದೆ ಎಲ್ಲಾ ಅದರೊಳಗೇ. ಮಕ್ಕಳಿಗೆ ವಾರಕ್ಕೆ ಮೂರೇ ದಿನ ಹಸಿವಾಗುವುದಿಲ್ಲ. ಮೇಲಾಗಿ ಅದೇ ತಿದ್ದುಪಡಿ ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು ಹತ್ತಿರ ಹತ್ತಿರ ದುಪ್ಪಟ್ಟು ಮಾಡಿತು. ಮೂರು ದಿನ ರಜೆ ಕೊಡುವ ಮನಸ್ಸಿದ್ದರೆ ಓವರ್‌ಟೈಮ್ ಯಾಕೆ ಏರಿಸಬೇಕಿತ್ತು?

ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತಿದೆಯಂತೆ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ತಪ್ಪಿದರೆ ಎಲ್ಲರೆದುರು ಬೈಸಿಕೊಳ್ಳುವವರು, ಸೂಪರ್‌ವೈಸರ್ ಕಾಗದ ಮುಂದಿಟ್ಟರೆ ಸಹಿ ಹಾಕಲ್ಲ ಅಂತಾರಾ?

ಇನ್ನೊಂದು ಹೆದರಿಕೆ: ಅವಧಿ ಇಳಿಸಿದರೆ ಕಾರ್ಖಾನೆ ಪಕ್ಕದ ರಾಜ್ಯಕ್ಕೆ ಹೋಗುತ್ತದೆ. ಪಕ್ಕದ ತಮಿಳುನಾಡು 2023ರ ಏಪ್ರಿಲ್‌ನಲ್ಲಿ ಇಂಥದ್ದೇ 12 ಗಂಟೆ ಮಸೂದೆ ಪಾಸು ಮಾಡಿತು. ಕಾರ್ಮಿಕ ಸಂಘಟನೆಗಳು ಎದ್ದು ನಿಂತವು. ಮೇ ದಿನದಂದು ಮುಖ್ಯಮಂತ್ರಿಯೇ ಅದನ್ನು ವಾಪಸ್ ಪಡೆದದ್ದಾಗಿ ಹೇಳಿದರು. ಅಲ್ಲಿನ ಕಾರ್ಖಾನೆಗಳೇನೂ ಬೀಗ ಹಾಕಲಿಲ್ಲ.

ಚರಿತ್ರೆಯನ್ನೂ ನೋಡಿ. 1922ರ ಕಾಯ್ದೆಯಲ್ಲಿ ವಾರಕ್ಕೆ 60 ಗಂಟೆ. 1934ರಲ್ಲಿ 54. 1946ರಲ್ಲಿ, ಡಾ. ಬಿ.ಆರ್. ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 48. ಬ್ರಿಟಿಷರ ಕಾಲದ 24 ವರ್ಷದಲ್ಲಿ 12 ಗಂಟೆ ಇಳಿಯಿತು. ಆಮೇಲಿನ ಸುಮಾರು 80 ವರ್ಷದಲ್ಲಿ ಒಂದು ಗಂಟೆಯೂ ಇಳಿದಿಲ್ಲ. ಮಿಷನ್ ಬದಲಾದವು, ಉತ್ಪಾದನೆ ಎಷ್ಟೋ ಪಟ್ಟು ಏರಿತು. ಆ ಲಾಭದಲ್ಲಿ ಟೈಲರ್ ಅಕ್ಕನಿಗೆ ಒಂದು ಸಂಜೆಯ ಪಾಲೂ ಬರಲಿಲ್ಲ.

ನಮ್ಮ ಕಥೆಯೂ ಬೇರೆಯಲ್ಲ. ಪತ್ರಕರ್ತರನ್ನು ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂದು 1955ರ ಕಾಯ್ದೆ ಹೇಳಿತು. ಅಂದರೆ ವಾರಕ್ಕೆ 36 ಗಂಟೆ! ರಾತ್ರಿ ಹನ್ನೊಂದಕ್ಕೆ ಅಪಘಾತದ ಫೋಟೊ ಕಳಿಸಿ, ಬಂದ ಸುದ್ದಿಗಷ್ಟೇ ಕಾಸು ಎಣಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಅದು ಜೋಕಿನಂತೆ ಕೇಳುತ್ತದೆ. ನಮ್ಮ ಗಂಟೆಗಳನ್ನೇ ಲೆಕ್ಕ ಇಡದವರು ನಾವು. ಅದಕ್ಕೇ ಇರಬೇಕು, ಅವರ ಗಂಟೆಗಳು ನಮ್ಮ ಕಣ್ಣಿಗೆ ಬೀಳಲಿಲ್ಲ.

ನಾವು ಕೇಳುವುದು ಇಷ್ಟೇ. ಸಂಬಳ ಕಡಿಯದೆ 48 ಗಂಟೆಯನ್ನು 40ಕ್ಕೆ ಇಳಿಸಿ. ಕಂಪನಿ ಗಾಡಿಯಲ್ಲಿ ಕಳೆಯುವ ಸಮಯಕ್ಕೂ ಲೆಕ್ಕ ಇಡಿ. 12 ಗಂಟೆಯ ತಿದ್ದುಪಡಿ ವಾಪಸ್ ತೆಗೆದುಕೊಳ್ಳಿ. ಮತ್ತೆ ಯಾವ ಮಂತ್ರಿಯಾದರೂ ಜಿಲ್ಲೆಗೆ ಬಂದು ಹೂಡಿಕೆ, ಉದ್ಯೋಗ ಅಂತ ಭಾಷಣ ಮಾಡಿದರೆ, ಮೈಕ್ ಹಿಡಿದ ನಾವು ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಕೋಟಿ ಎಂದಲ್ಲ. ಆ ಗಾಡಿ ಹಳ್ಳಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ವಾಪಸ್ ಬಿಡುತ್ತದೆ?