ಗ್ರಾಫೈಟಿನ ಮೇಲೆ ಹೊರಿಸಿದ ಅಪವಾದ



ಕನ್ನಡದಲ್ಲಿ ‘ಅಪವಾದ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ನಿಯಮಕ್ಕೆ ಹೊರತಾದುದು ಎಂಬುದು ಒಂದು. ನಿರಪರಾಧಿಯ ಮೇಲೆ ಹೊರಿಸುವ ಸುಳ್ಳು ದೂರು ಎಂಬುದು ಇನ್ನೊಂದು. ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲಿ ಈ ಎರಡು ಅರ್ಥಗಳೂ ಒಂದೇ ವಸ್ತುವಿನ ತಲೆಯ ಮೇಲೆ ಬಂದು ಕುಳಿತಿವೆ. ಆ ವಸ್ತು ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಕಪ್ಪು ಇಂಗಾಲ. ‘ಲೋಹಗಳು ವಿದ್ಯುತ್ತಿನ ವಾಹಕಗಳು; ಅಲೋಹಗಳು ಅವಾಹಕಗಳು; ಗ್ರಾಫೈಟ್ ಇದಕ್ಕೆ ಅಪವಾದ.’ ಈ ಮೂರು ಮಾತುಗಳನ್ನು ಬಾಯಿಪಾಠ ಮಾಡದೆ ಹತ್ತನೆಯ ತರಗತಿ ದಾಟಿದವರು ನಿಮ್ಮಲ್ಲಿ ವಿರಳ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ. ಅಂಕ ಬಂದಿತು, ಪ್ರಶ್ನೆ ಸತ್ತಿತು.

ನಿವೃತ್ತನಾಗಿ ವರ್ಷಗಳು ಕಳೆದರೂ ಆ ಮೂರನೆಯ ಮಾತಿನೊಡನೆ ನನ್ನ ಜಗಳ ಮುಗಿದಿಲ್ಲ. ‘ಅಪವಾದ’ ಎಂದು ಹೇಳಿದ ಕ್ಷಣವೇ ‘ಏಕೆ’ ಎಂದು ಕೇಳುವ ಹೊಣೆಯಿಂದ ಗುರುವೂ ಶಿಷ್ಯನೂ ಒಟ್ಟಿಗೆ ಬಿಡುಗಡೆ ಪಡೆಯುತ್ತಾರೆ. ನಿಯಮವನ್ನು ಮುರಿದ ವಸ್ತುವನ್ನು ಮೂಲೆಗೆ ನಿಲ್ಲಿಸುತ್ತೇವೆಯೇ ಹೊರತು ನಿಯಮವನ್ನು ಕರೆದು ವಿಚಾರಿಸುವುದಿಲ್ಲ.

ವಜ್ರವೂ ಇಂಗಾಲ, ಗ್ರಾಫೈಟೂ ಇಂಗಾಲ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ನೆರೆಯ ನಾಲ್ಕು ಪರಮಾಣುಗಳೊಡನೆ ಬಂಧ ಬೆಳೆಸಿ, ತನ್ನ ಹೊರಕವಚದ ನಾಲ್ಕು ಎಲೆಕ್ಟ್ರಾನುಗಳನ್ನೂ ಕಟ್ಟಿಹಾಕಿಬಿಟ್ಟಿದೆ. ಅಲೆದಾಡಲು ಯಾವುದೂ ಉಳಿದಿಲ್ಲ. ಗ್ರಾಫೈಟಿನಲ್ಲಿ ನೆರೆಯವರು ಮೂವರೇ. ಪರಮಾಣುಗಳು ಷಟ್ಕೋನಗಳಾಗಿ ಹೆಣೆದುಕೊಂಡು ಹಾಳೆಗಳಾಗುತ್ತವೆ. ನಾಲ್ಕನೆಯ ಎಲೆಕ್ಟ್ರಾನು ಹಾಳೆಯ ಉದ್ದಗಲಕ್ಕೆ ಸಂಚರಿಸಬಲ್ಲದು. ಹಾಳೆಯೊಳಗೆ ನೆರೆಯ ಪರಮಾಣುಗಳ ಅಂತರ 0.142 ನ್ಯಾನೊಮೀಟರ್, ಹಾಳೆಗಳ ನಡುವಿನ ಅಂತರ 0.335 ನ್ಯಾನೊಮೀಟರ್. ಆದಕಾರಣ ಹಾಳೆಯ ಗುಂಟ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಹಾಳೆಯಿಂದ ಹಾಳೆಗೆ ದಾಟಲು ತಿಣುಕುತ್ತದೆ.

ಇದು ನಿನ್ನೆ ಮೊನ್ನೆ ತಿಳಿದ ಸಂಗತಿಯಲ್ಲ. ರಾಮನ್ ಪರಿಣಾಮದ ಶೋಧನೆಯಲ್ಲಿ ಸಿ. ವಿ. ರಾಮನ್ ಅವರ ಜೊತೆಗಾರರಾಗಿದ್ದ ಕೆ. ಎಸ್. ಕೃಷ್ಣನ್ ಅವರು ಎನ್. ಗಂಗೂಲಿ ಅವರೊಡನೆ ಕಲ್ಕತ್ತೆಯಲ್ಲಿ ಈ ವ್ಯತ್ಯಾಸವನ್ನು ಅಳೆದು 1939ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಳ್ಳೆಯ ಸ್ಫಟಿಕದಲ್ಲಿ ಎರಡು ದಿಕ್ಕುಗಳ ವಾಹಕತೆಯ ಅಂತರ ಸಾವಿರ ಪಟ್ಟನ್ನೂ ಮೀರುತ್ತದೆ. ಒಂದೇ ತುಣುಕು, ಒಂದು ದಿಕ್ಕಿನಲ್ಲಿ ಉದಾರಿ, ಇನ್ನೊಂದು ದಿಕ್ಕಿನಲ್ಲಿ ಕೃಪಣ. ಇದನ್ನು ನಿಮ್ಮ ಪಟ್ಟಿಯ ಎಡಗಡೆಗೆ ಬರೆಯುವಿರೋ, ಬಲಗಡೆಗೋ?

ಎಲೆಕ್ಟ್ರಾನುಗಳ ಸಂಚಾರ ಹೀಗೆ ಒಂದು ಹಾಳೆಗೋ ಒಂದು ಸರಪಳಿಗೋ ಸೀಮಿತವಾದ ವಸ್ತುಗಳನ್ನು ಭೌತವಿಜ್ಞಾನಿಗಳು ಕಡಿಮೆ ಆಯಾಮದ ವಾಹಕಗಳೆಂದು ಕರೆಯುತ್ತಾರೆ. ಆಯಾಮ ಕಡಿಮೆಯಾದರೆ ಏನು ಮಹಾ ವ್ಯತ್ಯಾಸ ಎನ್ನಬೇಡಿ. ಬಯಲಿನಲ್ಲಿ ನಡೆಯುವವನಿಗೆ ಕಲ್ಲು ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತಾನೆ. ಗದ್ದೆಯ ಬದುವಿನ ಮೇಲೆ ನಡೆಯುವವನಿಗೆ ಆ ಭಾಗ್ಯವಿಲ್ಲ. ಬದು ಒಂದೆಡೆ ಕುಸಿದರೆ ಹಿಂದಿನವರೆಲ್ಲರೂ ನಿಲ್ಲಬೇಕು. ಒಂದೇ ಸಾಲಿನ ಪರಮಾಣುಗಳಲ್ಲಿ ಚಿಕ್ಕದೊಂದು ಬದಲಾವಣೆಯೂ ಎಲ್ಲ ಎಲೆಕ್ಟ್ರಾನುಗಳ ಹಣೆಬರಹವನ್ನು ಬದಲಿಸುತ್ತದೆ. ಅಂಥ ಸಾಲು ಸಮಾನ ಅಂತರದಲ್ಲಿ ಉಳಿಯಲಾರದೆಂದು ರುಡಾಲ್ಫ್ ಪೈಯರ್ಲ್ಸ್ 1955ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಪರಮಾಣುವಿಗೆ ಒಂದರಂತೆ ಎಲೆಕ್ಟ್ರಾನು ಇರುವ ಸಾಲು ತಣ್ಣಗಾದಾಗ ಪರಮಾಣುಗಳು ಎರಡೆರಡಾಗಿ ಜೋಡಿ ಕಟ್ಟುತ್ತವೆ. ಎಲೆಕ್ಟ್ರಾನುಗಳ ಶಕ್ತಿ ಇಳಿಯುತ್ತದೆ, ಸ್ವಾತಂತ್ರ್ಯ ಹೋಗುತ್ತದೆ. ಲೋಹವಾಗಬೇಕಾಗಿದ್ದುದು ಅವಾಹಕವಾಗಿಬಿಡುತ್ತದೆ!

ಇದು ಬರಿಯ ಕಾಗದದ ಲೆಕ್ಕವೆಂದು ತಿಳಿದವರಿಗೆ 1973ರಲ್ಲಿ ಉತ್ತರ ದೊರೆಯಿತು. ಟಿಟಿಎಫ್-ಟಿಸಿಎನ್‌ಕ್ಯೂ ಎಂಬ ಸಾವಯವ ಸ್ಫಟಿಕವೊಂದಿದೆ. ಅದರಲ್ಲಿರುವುದು ಇಂಗಾಲ, ಜಲಜನಕ, ಸಾರಜನಕ, ಗಂಧಕ, ಒಂದೂ ಲೋಹವಲ್ಲ. ಆದರೂ ತಣ್ಣಗಾದಂತೆ ಅದರ ವಾಹಕತೆ ಲೋಹದಂತೆಯೇ ಏರುತ್ತ ಹೋಗುತ್ತದೆ. 54 ಕೆಲ್ವಿನ್ ಸುಮಾರಿಗೆ, ಅಂದರೆ ಸೊನ್ನೆಗಿಂತ 219 ಡಿಗ್ರಿ ಸೆಲ್ಸಿಯಸ್ ಕೆಳಗೆ, ಪೈಯರ್ಲ್ಸ್ ಹೇಳಿದ್ದ ಮಾರ್ಪಾಡು ಆರಂಭವಾಗಿ ಅವಾಹಕದ ಹಾದಿ ಹಿಡಿಯುತ್ತದೆ. 1977ರಲ್ಲಿ ಹಿಡೆಕಿ ಶಿರಾಕಾವಾ, ಅಲನ್ ಮ್ಯಾಕ್‌ಡಯಾರ್ಮಿಡ್ ಮತ್ತು ಅಲನ್ ಹೀಗರ್ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಅಯೋಡಿನ್ನಿನ ಆವಿ ತಗಲಿಸಿದರು. ಸರಪಳಿಯಿಂದ ಒಂದಷ್ಟು ಎಲೆಕ್ಟ್ರಾನುಗಳು ಕಿತ್ತುಹೋದವು. ತೆರವಾದ ಜಾಗದಿಂದ ಉಳಿದವಕ್ಕೆ ಚಲನೆ ಸಾಧ್ಯವಾಯಿತು. ವಾಹಕತೆ ಕೋಟಿಯ ಲೆಕ್ಕದಲ್ಲಿ ಹೆಚ್ಚಿತು. 2000ದಲ್ಲಿ ಆ ಮೂವರಿಗೂ ರಸಾಯನವಿಜ್ಞಾನದ ನೊಬೆಲ್ ಬಂದಿತು. ನಮ್ಮ ತರಗತಿಗಳಲ್ಲಿ ಮಾತ್ರ ‘ಪ್ಲಾಸ್ಟಿಕ್ ಅವಾಹಕ’ ಎಂಬ ಸಾಲಿಗೆ ಒಂದು ಅಡಿಟಿಪ್ಪಣಿಯೂ ಬರಲಿಲ್ಲ.

ಕೊನೆಯ ಸಾಕ್ಷಿ ಮತ್ತೆ ಗ್ರಾಫೈಟೇ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಅದರ ಒಂದೇ ಒಂದು ಹಾಳೆಯನ್ನು ಎಬ್ಬಿಸಿ ಅದರ ವಿದ್ಯುತ್ ಗುಣಗಳನ್ನು ಅಳೆದರು. ಅದೇ ಗ್ರಾಫೀನ್, 2010ರಲ್ಲಿ ಅವರಿಗೆ ನೊಬೆಲ್. 2018ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪಾಬ್ಲೊ ಹರಿಯೊ-ಎರೆರೊ ಅವರ ತಂಡ ಅಂಥ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕೇವಲ 1.1 ಡಿಗ್ರಿಯಷ್ಟು ತಿರುಚಿತು. ಅತಿ ಶೀತದಲ್ಲಿ, ಎಲೆಕ್ಟ್ರಾನುಗಳ ಸಂಖ್ಯೆಯನ್ನು ತುಸು ಬದಲಿಸಿದೊಡನೆ, ಅದೇ ಜೋಡಿ ಒಮ್ಮೆ ಅವಾಹಕ, ಒಮ್ಮೆ ರೋಧವೇ ಇಲ್ಲದ ಅತಿವಾಹಕ! ವಸ್ತು ಬದಲಾಗಲಿಲ್ಲ, ಹೆಸರು ಬದಲಾಗಲಿಲ್ಲ. ಈಗ ಹೇಳಿ, ಅಪವಾದವಿರುವುದು ಗ್ರಾಫೈಟಿನಲ್ಲೋ, ನಮ್ಮ ಪಟ್ಟಿಯಲ್ಲೋ?

ನನ್ನ ಸಹೋದ್ಯೋಗಿ ಮಿತ್ರರ ಆಕ್ಷೇಪ ನನಗೆ ಗೊತ್ತು. ‘ಮೇಷ್ಟ್ರೇ, ಏಳನೆಯ ತರಗತಿಯ ಕೂಸುಗಳಿಗೆ ಪೈಯರ್ಲ್ಸ್ ಹೇಳಲಾದೀತೇ? ಮೊದಲು ಸರಳ ನಿಯಮ, ಅನಂತರ ಸೂಕ್ಷ್ಮ’ ಎನ್ನುತ್ತಾರೆ. ಸರಳತೆ ಬೇಕು, ಒಪ್ಪಿದೆ. ತಾಮ್ರದ ತಂತಿ ವಾಹಕ, ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಅವಾಹಕ ಎಂಬುದು ಮಗುವಿನ ಪ್ರಾಣ ಕಾಯುವ ತಿಳಿವಳಿಕೆ, ಅದನ್ನು ಕಲಿಸಲೇಬೇಕು. ಆದರೆ ಸರಳತೆ ಬೇರೆ, ಬಾಗಿಲು ಮುಚ್ಚುವುದು ಬೇರೆ. ನಾನು ಕೇಳುತ್ತಿರುವುದು ಹೊಸ ಅಧ್ಯಾಯವನ್ನಲ್ಲ, ಒಂದು ಪದದ ಬದಲಾವಣೆಯನ್ನು. ‘ಗ್ರಾಫೈಟ್ ಅಪವಾದ’ ಎನ್ನುವ ಬದಲು ‘ಗ್ರಾಫೈಟ್ ಒಂದು ಪ್ರಶ್ನೆ’ ಎನ್ನಿರಿ. ‘ಅನಂತರ’ ಎಂದು ಮುಂದೂಡಿದ ಸೂಕ್ಷ್ಮವು ಬಹುಪಾಲು ಮಕ್ಕಳಿಗೆ ಎಂದೂ ಬರುವುದಿಲ್ಲ. ಹತ್ತನೆಯ ತರಗತಿಯೇ ಅವರ ಕೊನೆಯ ಭೌತವಿಜ್ಞಾನ. ಹೆಸರು ಕೇಳಿ ಗುಣ ನಿರ್ಧರಿಸುವ, ಹೊಂದದವರನ್ನು ‘ಅಪವಾದ’ವೆಂದು ಬದಿಗಿಡುವ ಚಾಳಿಯನ್ನೇ ಅವರು ಬದುಕಿಗೆ ಒಯ್ಯುತ್ತಾರೆ. ಆ ಚಾಳಿ ಪ್ರಯೋಗಶಾಲೆಯೊಳಗೇ ಉಳಿಯುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮಲ್ಲಿ ಈಗ ಕೆಲವರು ಶಿಕ್ಷಕರು, ಹಲವರು ತಂದೆತಾಯಿಯರು. 6ಬಿ ಪೆನ್ಸಿಲ್ ತಂದು, ಕಾಗದದ ಮೇಲೆ ಬೆರಳಗಲದ ಪಟ್ಟಿಯೊಂದನ್ನು ಒತ್ತಿ ಒತ್ತಿ ಕಪ್ಪಾಗಿಸಿ. 9 ವೋಲ್ಟಿನ ಬ್ಯಾಟರಿ ಮತ್ತು ಪುಟ್ಟ ಎಲ್‌ಇಡಿ ದೀಪದ ಮಂಡಲದಲ್ಲಿ ಒಂದು ತಂತಿಗೆ ಬದಲಾಗಿ ಆ ಪಟ್ಟಿಯನ್ನು ಸೇರಿಸಿ. ತಂತಿಯ ತುದಿಗಳನ್ನು ಹತ್ತಿರ ತಂದರೆ ದೀಪ ಹೊಳೆಯುತ್ತದೆ, ದೂರ ಸರಿಸಿದರೆ ಮಂಕಾಗುತ್ತದೆ. ‘ಇದು ಲೋಹವಲ್ಲವಲ್ಲ, ಹೇಗೆ ಉರಿಯಿತು?’ ಎಂದು ಮಗು ಕೇಳೀತು. ಆಗ ದಯವಿಟ್ಟು ಆ ಮೂರನೆಯ ಮಾತನ್ನು ಆಡಬೇಡಿ. ವಜ್ರದ ಕಥೆಯಿಂದ ಆರಂಭಿಸಿ.