ಪುಟದ ಪಾದವು ಕಾಣೆಯಾದಾಗ



ಮನೆಯ ಲೆಕ್ಕ, ಮಕ್ಕಳ ಪಾಠ, ಮಳೆಗಾಲದ ಪಥ್ಯ ಮೊದಲಾದ ವಿಚಾರಗಳನ್ನು ಬರೆಯುವುದು ಈ ಅಂಕಣದ ವಾಡಿಕೆ. ಈ ಸಲ ವೆಬ್‌ಸೈಟಿನ ಮಾತನ್ನೆತ್ತಿಕೊಂಡುದಕ್ಕಾಗಿ ಯಾರೂ ಹುಬ್ಬೇರಿಸಬಾರದು. ಒಂದು ಸಂಸಾರದ ಜೀವನವೇ ಅದನ್ನು ಆಶ್ರಯಿಸಿದ ಮೇಲೆ ಅದೂ ಗೃಹಕೃತ್ಯವೇ ಅಲ್ಲವೆ?

ನನ್ನ ತಂಗಿಯ ಮಗಳ ಮನೆಯು ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿ, ಕಾಫಿಯ ತೋಟದ ನಡುವೆ ಇದೆ. ಹೆಸರೇ ಹೇಳುವಂತೆ ಅದು ಕೆಂಪು ಮಣ್ಣಿನ ಸೀಮೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಹೋಗುತ್ತಿದ್ದುದು ಈ ಬೆಟ್ಟದಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯಲ್ಲಿ ತಂಗುತ್ತಿದ್ದ ಸ್ಥಳವಾದುದರಿಂದ ಅದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಉಂಟು. ಅದಿರು ಹೋಗುವುದು ನಿಂತಿತು. ಈಗ ಪ್ರವಾಸಿಗಳು ಬರುತ್ತಾರೆ. ತೋಟದ ಫಸಲು ಕೈಕೊಟ್ಟ ವರ್ಷ ಈ ದಂಪತಿಗಳು ಎರಡು ಕೋಣೆಗಳನ್ನು ಅತಿಥಿಗಳಿಗೆಂದು ಅಣಿಮಾಡಿ ಹೋಂಸ್ಟೇ ಆರಂಭಿಸಿದರು. ಬ್ಯಾಂಕಿನ ಸಾಲದ ಕಂತು ಹೋಗುವುದು ಆ ಕೋಣೆಗಳ ಬಾಡಿಗೆಯಿಂದಲೇ.

ಒಂದು ದಿನ ಬೆಳಗ್ಗೆ ಅವಳ ಫೋನು ಬಂದಿತು. ಧ್ವನಿ ನಡುಗುತ್ತಿದ್ದಿತು.

"ಮಾವ, ನಿನ್ನೆ ಬರಬೇಕಾಗಿದ್ದವರು ರಾತ್ರಿ ಒಂಬತ್ತರವರೆಗೆ ಕಲ್ಲತ್ತಿಗಿರಿಯ ಹತ್ತಿರ ಮಂಜಿನಲ್ಲಿ ದಾರಿ ತಿಳಿಯದೆ ನಿಂತಿದ್ದರಂತೆ. ಕಾರಿನಲ್ಲಿ ಎಂಬತ್ತು ವರ್ಷದ ಅಜ್ಜಿ. ನಮ್ಮ ಪುಟವನ್ನು ತೆರೆದರೆ ನಂಬರೂ ಇಲ್ಲ, ವಿಳಾಸವೂ ಇಲ್ಲವಂತೆ. ತರೀಕೆರೆಗೇ ತಿರುಗಿ ಹೋದರು. ಈ ತಿಂಗಳೆಲ್ಲ ಒಂದು ಫೋನೂ ಬರಲಿಲ್ಲ ನೋಡಿ. ಜನರೇ ಇಲ್ಲವೆಂದು ನಾವು ಸುಮ್ಮನಿದ್ದೆವು."

ವೆಬ್‌ಸೈಟಿನ ಪ್ರತಿ ಪುಟದ ಕೆಳತುದಿಯಲ್ಲಿ ವಿಳಾಸ, ಫೋನು, ದಾರಿಯ ಗುರುತು ಇವುಗಳನ್ನು ಹೊತ್ತ ಒಂದು ಪಟ್ಟಿ ಇರುತ್ತದೆ. ಅದನ್ನು ಫೂಟರ್ ಎನ್ನುವರು. ಪಾದಪಟ್ಟಿ ಎಂದರೆ ನಮಗೆ ಸುಲಭ. ಓಲೆಗರಿಯ ಗ್ರಂಥಗಳ ಕೊನೆಯಲ್ಲಿ ಪುಷ್ಪಿಕೆ ಎಂಬ ಭಾಗವಿರುವುದನ್ನು ಬಲ್ಲವರು ಬಲ್ಲರು. ಗ್ರಂಥ ಯಾವುದು, ಬರೆದವರು ಯಾರು, ಯಾವ ಊರಿನಲ್ಲಿ ಎಂಬುದು ಅಲ್ಲಿಯೇ ತಿಳಿಯುವುದು. ಕೊನೆಯ ಗರಿ ಮುರಿದುಹೋದರೆ ಗ್ರಂಥವೇನೋ ಇದೆ. ಆದರೆ ಅದರ ಒಡೆಯನು ಯಾರೆಂದು ತಿಳಿಯುವಂತಿಲ್ಲ. ಈ ಮನೆಯ ಗತಿಯೂ ಹಾಗೆಯೇ ಆಯಿತು.

ಪಟ್ಟಿಯು ಕಾಣೆಯಾದುದಾದರೂ ಹೇಗೆ? ಇವರ ವೆಬ್‌ಸೈಟು ವರ್ಡ್‌ಪ್ರೆಸ್ ಎಂಬ ಉಪಕರಣದಿಂದ ಆದದ್ದು. 2003ರಲ್ಲಿ ಹೊರಬಂದ ಈ ಉಪಕರಣವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಅದರಲ್ಲಿ ಥೀಮ್ ಎಂಬುದು ಮನೆಯ ಕಟ್ಟಡವಿದ್ದಂತೆ. ಪುಟದ ತಲೆಯನ್ನೂ ಪಾದವನ್ನೂ ಒದಗಿಸುವುದು ಅದೇ. ಪೇಜ್ ಬಿಲ್ಡರ್ ಎಂಬ ಪ್ಲಗಿನ್ನಾದರೋ ಮದುವೆಗೆ ಚಪ್ಪರ ಹಾಕುವವನಂತೆ. ಚಿತ್ರಗಳನ್ನೂ ಅಂಕಣಗಳನ್ನೂ ಬೇಕಾದಲ್ಲಿ ಕೂರಿಸಿ ಅಂದಗೊಳಿಸುತ್ತದೆ. ಎಚ್ಚರ ತಪ್ಪಿದರೆ ಬಾಗಿಲಿನ ಹೆಸರುಫಲಕವನ್ನೇ ಮುಚ್ಚಿಬಿಡುತ್ತದೆ.

ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೆ ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕವೆಂಬ ನ್ಯಾಯವಿದೆ. ಯಾವುದು ಇದ್ದರೆ ದೋಷವಿರುವುದೋ, ಯಾವುದು ಇಲ್ಲದಿದ್ದರೆ ದೋಷವೂ ಇಲ್ಲವಾಗುವುದೋ, ಅದೇ ಕಾರಣ. ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟಿಸುವೆನೆಂದು ಹೊರಟಿದ್ದ ಅವಳನ್ನು ತಡೆದು, ಮೊದಲು ಇದ್ದುದರ ಪೂರ್ಣ ಪ್ರತಿಯೊಂದನ್ನು ತೆಗೆದಿಡೆಂದು ಹೇಳಿದೆನು. ಬಳಿಕ ಮೂರು ಪ್ರಶ್ನೆಗಳನ್ನು ಕೇಳಿದೆನು. ಪಟ್ಟಿಯು ಎಲ್ಲ ಪುಟಗಳಲ್ಲಿಯೂ ಇಲ್ಲವೋ, ಕೆಲವುಗಳಲ್ಲಿ ಮಾತ್ರವೋ? ಫೋನಿನಲ್ಲಿ ಮಾತ್ರವೋ, ಕಂಪ್ಯೂಟರಿನಲ್ಲಿಯೂ ಹಾಗೆಯೋ? ಅದಕ್ಕೆ ಮುಂಚೆ ಬದಲಾಯಿಸಿದ್ದು ಏನನ್ನು?

ಮುಖಪುಟದಲ್ಲಿಯೂ ಕೋಣೆಗಳ ಪುಟದಲ್ಲಿಯೂ ಪಟ್ಟಿಯಿರಲಿಲ್ಲ. ಉಳಿದ ಪುಟಗಳಲ್ಲಿ ಇದ್ದಿತು. ಆದಕಾರಣ ಥೀಮ್ ನಿರ್ದೋಷಿ. ಆ ಎರಡು ಪುಟಗಳನ್ನೇ ಅವಳು ಹಿಂದಿನ ತಿಂಗಳು ಬಿಲ್ಡರಿನಿಂದ ಹೊಸದಾಗಿ ಅಲಂಕರಿಸಿದ್ದಳು. ಪುಟದ ವಿನ್ಯಾಸವನ್ನು ಆರಿಸುವ ಕಡೆ ಬರಿಯ ಹಾಳೆ ಎಂಬರ್ಥದ ಆಯ್ಕೆಯೊಂದು ಒತ್ತಲ್ಪಟ್ಟಿದ್ದಿತು. ಅದನ್ನು ಆರಿಸಿದರೆ ಥೀಮಿನ ತಲೆಯೂ ಪಾದವೂ ಆ ಪುಟಕ್ಕೆ ಬರುವುದೇ ಇಲ್ಲ. ತಲೆಯ ಸ್ಥಾನದಲ್ಲಿ ಚೆಲುವಾದ ಚಿತ್ರವನ್ನು ಇಟ್ಟಿದ್ದರಿಂದ ಕೊರತೆಯು ಯಾರ ಕಣ್ಣಿಗೂ ಬೀಳಲಿಲ್ಲ. ಆಯ್ಕೆಯನ್ನು ಥೀಮಿನ ಮೂಲವಿನ್ಯಾಸಕ್ಕೆ ತಿರುಗಿಸಿದೊಡನೆ ಪಟ್ಟಿಯು ಬಂದಿತು.

ಆದರೆ ಅವಳಿಗೆ ಕಂಡದ್ದು ನನ್ನ ಫೋನಿನಲ್ಲಿ ಕಾಣಲಿಲ್ಲ! ಪುಟವು ಬೇಗನೆ ತೆರೆಯಲೆಂದು ಹಳೆಯ ನಕಲೊಂದನ್ನು ಕೂಡಿಟ್ಟು ಬಂದವರಿಗೆ ತೋರಿಸುವ ಪದ್ಧತಿಯುಂಟು. ಅದಕ್ಕೆ ಕ್ಯಾಶ್ ಎನ್ನುವರು; ಇದು ರೊಕ್ಕವಲ್ಲ. ಅದನ್ನು ಅಳಿಸಿದ ಮೇಲೆ ನನಗೂ ಕಂಡಿತು.

ಇತರರಿಗೆ ಒದಗಬಹುದಾದ ಬೇರೆ ಕಾರಣಗಳನ್ನೂ ಹೇಳಿಬಿಡುತ್ತೇನೆ. ಫೋನಿನಲ್ಲಿ ಮಾತ್ರ ಪಟ್ಟಿಯಿಲ್ಲದಿದ್ದರೆ, ಮೊಬೈಲಿನಲ್ಲಿ ಮರೆಮಾಡು ಎಂಬ ಗುಂಡಿಯು ಒತ್ತಿರಬಹುದು. ಎರಡೆರಡು ಪಟ್ಟಿಗಳು ಕಂಡರೆ ಥೀಮಿನದೊಂದು, ಬಿಲ್ಡರಿನದೊಂದು, ಒಂದನ್ನು ನಿಲ್ಲಿಸತಕ್ಕದ್ದು. ಬಿಲ್ಡರಿನಲ್ಲಿ ಮಾಡಿದ ಪಟ್ಟಿಯು ಎಲ್ಲಿಯೂ ಕಾಣದಿದ್ದರೆ, ಯಾವ ಯಾವ ಪುಟಗಳಲ್ಲಿ ತೋರಬೇಕೆಂಬ ನಿಬಂಧನೆಯನ್ನು ನೋಡಬೇಕು. ಪಟ್ಟಿಯು ಪಕ್ಕಕ್ಕೆ ಸರಿದು ಅಂಕಣದೊಳಗೆ ಸಿಕ್ಕಿಕೊಂಡರೆ, ಬೇರೆಡೆಯಿಂದ ತಂದು ಅಂಟಿಸಿದ ಸಂಕೇತದಲ್ಲಿ ಎಲ್ಲಿಯೋ ತೆರೆದ ಟ್ಯಾಗಿಗೆ ಮುಚ್ಚುವ ಟ್ಯಾಗು ಇಲ್ಲದಿರಬಹುದೆಂದು ತಿಳಿಯಬೇಕು. ಇವಾವುವೂ ಅಲ್ಲವಾದರೆ ಪ್ಲಗಿನ್ನುಗಳನ್ನು ಒಂದೊಂದಾಗಿ ನಿಲ್ಲಿಸಿ, ಪ್ರತಿಸಲವೂ ಕ್ಯಾಶನ್ನು ಅಳಿಸಿ, ಪುಟವನ್ನು ನೋಡಬೇಕು. ಒಮ್ಮೆಗೆ ಎರಡನ್ನು ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯದು. ಎರಡು ಔಷಧವನ್ನು ಒಟ್ಟಿಗೆ ಕುಡಿದ ರೋಗಿಯಂತೆ ಆಗುವುದು.

ಕೆಲಸವು ಮುಗಿದ ಮೇಲೆ ಅವಳಿಗೆ ಎರಡು ಮಾತುಗಳನ್ನು ಹೇಳಿದೆನು. ಪುಟದಲ್ಲಿ ಏನನ್ನು ಬದಲಾಯಿಸಿದರೂ ಬೇರೊಬ್ಬರ ಫೋನಿನಲ್ಲಿ, ಪರಸ್ಥಳದವರಂತೆ, ಮೊದಲಿಂದ ಕೊನೆಯವರೆಗೆ ಒಮ್ಮೆ ನೋಡಬೇಕು; ಮನೆಯವರ ಕಣ್ಣಿಗೆ ಮನೆಯ ಕೊರತೆ ಕಾಣುವುದಿಲ್ಲ. ಎರಡನೆಯದಾಗಿ, ಬೆಟ್ಟದಲ್ಲಿ ಸಿಗ್ನಲನ್ನು ನಂಬಿ ಯಾರೂ ಹೊರಡಕೂಡದು. ಕೋಣೆಯನ್ನು ಗೊತ್ತುಮಾಡಿದವರಿಗೆ ನಂಬರನ್ನೂ ದಾರಿಯನ್ನೂ ಅದೇ ದಿನ ಬರೆದು ಕಳುಹಿಸತಕ್ಕದ್ದು. ಎಲ್ಲವನ್ನೂ ಪಾದಪಟ್ಟಿಯೊಂದರ ಮೇಲೆ ಹೊರಿಸುವುದು ವಿವೇಕವಲ್ಲ.

ತಿರುಗಿ ಹೋದ ಆ ಸಂಸಾರಕ್ಕೆ ಅವಳು ತಾನಾಗಿಯೇ ಫೋನು ಮಾಡಿ, ತಪ್ಪು ತಮ್ಮದೆಂದು ಒಪ್ಪಿಕೊಂಡು, ಮುಂಗಡವನ್ನು ಹಿಂದಿರುಗಿಸಿದಳು. ದೀಪಾವಳಿ ಕಳೆದ ಮೇಲೆ ಅವರೇ ಬಂದರು, ಅಜ್ಜಿಯೂ ಬಂದಿದ್ದರು. ಅಂದು ಸಂಜೆ ಮಂಜು ಇಳಿಯುವುದಕ್ಕೆ ಮುಂಚೆಯೇ ಅಳಿಯಂದಿರು ಟಾರ್ಚನ್ನು ಹಿಡಿದು ರಸ್ತೆಯ ತಿರುವಿನಲ್ಲಿ ನಿಂತಿದ್ದರಂತೆ.