ಮನೋವ್ಯಥೆಯೂ ಮೇಲಧಿಕಾರಿಯ ಹೊಣೆಯೂ

ನಂದಿಗುಡಿಯ ಕಡೆಯ ಗೃಹಿಣಿಯೊಬ್ಬಳು, ಭದ್ರಾ ನಾಲೆಯ ಕೊನೆಭಾಗದ ನೀರನ್ನು ನಂಬಿ ಸಾಲಮಾಡಿ ಭತ್ತ ನೆಟ್ಟು ಕಡೆಗೆ ಪ್ರಾಣವನ್ನೇ ನೀಗಿಕೊಂಡ ಗಂಡನ ನೆನಪಿನಿಂದ ನಿದ್ರೆಗೆಟ್ಟು, ಆಶಾ ಕಾರ್ಯಕರ್ತೆಯ ಮಾತಿಗೊಪ್ಪಿ, ಮನೋಚೈತನ್ಯ ಯೋಜನೆಯಂತೆ ಮನೋವೈದ್ಯರು ಬರುವ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬಂದಳೆನ್ನೋಣ. ಚೀಟಿ ಬರೆಯುವವನು ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳುವಂತೆ ‘ಏನಮ್ಮಾ ನಿಂಗೆ?’ ಎನ್ನುತ್ತಾನೆ, ಒಳಗೆ ನರ್ಸಮ್ಮ ಅದನ್ನೇ ಕೇಳುತ್ತಾಳೆ, ಡಾಕ್ಟರು ಮತ್ತೊಮ್ಮೆ. ‘ತಲೆನೋವು ಸಾರ್’ ಎಂದಷ್ಟೇ ಹೇಳಿ, ಗುಳಿಗೆ ಪಡೆದು ಆಕೆ ಬಸ್ಸು ಹತ್ತಿದರೆ ತಪ್ಪು ಆಕೆಯದೆನ್ನಲಾದೀತೆ?

ಆಘಾತಕ್ಕೀಡಾದ ಜೀವವು ಔಷಧಕ್ಕಿಂತ ಮೊದಲು ಅಪೇಕ್ಷಿಸುವುದು ನಿರ್ಭಯವಾದ ಒಂದು ಸ್ಥಳವನ್ನು, ತನಗೆ ಬೇಕೆನಿಸಿದಷ್ಟನ್ನೇ ಹೇಳುವ ಸ್ವಾತಂತ್ರ್ಯವನ್ನು, ಮುಂದಿನ ಸಲವೂ ಕಾಣಸಿಗುವ ಅದೇ ಮುಖವನ್ನು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ರೋಗಿಯ ಘನತೆಯನ್ನೂ ಗೋಪ್ಯತೆಯನ್ನೂ ಹಕ್ಕೆಂದು ಸಾರಿ, ಸರಪಳಿ ಬಿಗಿಯುವುದನ್ನು ನಿಷೇಧಿಸಿತು. ಆದರೆ ದನಿಯೊಳಗಿನ ಮಾರ್ದವವನ್ನು ಯಾವ ಕಾಯಿದೆಯೂ ವಿಧಿಸಲಾರದು.

ಆ ಮಾರ್ದವವು ಮೇಲಿನಿಂದ ಇಳಿದು ಬರತಕ್ಕದ್ದೆಂಬುದು ನನ್ನ ದೃಢವಾದ ನಂಬಿಕೆ. ಸಂಬಳವಿಲ್ಲದೆ ಗೌರವಧನಕ್ಕೆ ದುಡಿಯುವ ಆಶಾ ಕಾರ್ಯಕರ್ತೆಯು ಸಾವಿನ ಮನೆಯ ಅಳುವನ್ನು ಕೇಳಿ, ಅದನ್ನು ಎದೆಯಲ್ಲಿಟ್ಟುಕೊಂಡೇ ತನ್ನ ಮನೆಗೆ ಬಂದು ಒಲೆ ಹೊತ್ತಿಸುತ್ತಾಳೆ. ಮರುದಿನದ ಸಭೆಯಲ್ಲಿ ಆಕೆಗೆ ದೊರೆಯುವುದು ರಿಜಿಸ್ಟರು ತುಂಬಿಲ್ಲವೆಂಬ ಬೈಗುಳವಾದರೆ, ಅನ್ಯರ ಸಂಕಟಕ್ಕೆ ಕಿವಿಗೊಡುವ ಶಕ್ತಿ ಆಕೆಯಲ್ಲಿ ಎಷ್ಟು ಕಾಲ ಉಳಿದೀತು? ಭಯದಲ್ಲಿ ದುಡಿಯುವವರಿಂದ ಅಭಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆ ಹಳ್ಳಿಯಲ್ಲಿಯೇ ಸಾಧ್ಯವೆಂದು ತೋರಿಸಿಕೊಟ್ಟಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಅದೇ ಮಾದರಿಯಾಯಿತು. ಕನ್ನಡನಾಡು ಹೆಮ್ಮೆಪಡಬೇಕಾದ ಕಾರ್ಯವಿದು. ರೋಗವನ್ನು ಗುರುತಿಸುವ ವಿದ್ಯೆಯನ್ನು ಅಂದು ಕಲಿಸಿದ ನಾಡು, ಸೇವಕರ ಅಂತರಂಗವನ್ನು ಕಾಯುವ ಕ್ರಮವನ್ನು ಇಂದು ಆರಂಭಿಸಲಿ. ತಾಲ್ಲೂಕು ಆರೋಗ್ಯಾಧಿಕಾರಿಯು ತಿಂಗಳಿಗೊಮ್ಮೆ, ಯಾವ ರಿಜಿಸ್ಟರನ್ನೂ ತೆರೆಯದೆ, ಒಂದು ತಾಸು ತನ್ನ ಸಿಬ್ಬಂದಿಯೊಡನೆ ಕುಳಿತು ಅವರು ಕಂಡುಂಡ ನೋವನ್ನು ಆಲಿಸಲಿ. 2022ರ ಅಕ್ಟೋಬರಿನಿಂದ ನಡೆದುಬಂದಿರುವ ಟೆಲಿ-ಮಾನಸ್ ಸಹಾಯವಾಣಿ 14416 ತಮಗೂ ಉಂಟೆಂದು ಅವರಿಗೆ ತಿಳಿಯಹೇಳಲಿ. ವರ್ಗವಾಗಿ ಹೋಗುವ ವೈದ್ಯರು ಹೊಸಬರಿಗೆ ರೋಗಿಗಳನ್ನು ತಾವೇ ಪರಿಚಯಿಸಿ ಹೋಗುವ ಪದ್ಧತಿಯೂ ಬರಲಿ. ಆ ಒಂದು ತಾಸಿನ ಕೂಟಕ್ಕೆ ಚೀಟಿ ಬರೆಯುವವನನ್ನು ತಪ್ಪದೆ ಕರೆಯಬೇಕು. ಆಸ್ಪತ್ರೆಯಲ್ಲಿ ರೋಗಿಯು ಮೊದಲು ಕೇಳುವ ದನಿ ಅವನದೇ.